ಮನೆಗೂ ಕಣದಾಚೆಯ ಕೋಣೆಗೂ ಒಂದೇ ಇಂಟರ್ನೆಟ್, ಒಂದೇ ಪ್ರಿಂಟರ್

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆಯ ಕಾಫಿ ತೋಟದ ಮನೆ. ಮನೆಯಲ್ಲಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಇದೆ. ಕಣದ ಆಚೆ, ಸುಮಾರು 60 ಮೀಟರ್ ದೂರದಲ್ಲಿರುವ ಗೋದಾಮಿನ ಲೆಕ್ಕದ ಕೋಣೆಯಲ್ಲಿ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್ ಇದೆ; ಯುಎಸ್‌ಬಿ ಮಾತ್ರ ಇರುವ ಲೇಸರ್ ಪ್ರಿಂಟರ್ (ಸ್ಕ್ಯಾನರ್ ಸಹಿತ) ಅದಕ್ಕೆ ಜೋಡಿಸಿದೆ. ಫೈಬರ್ ಇಂಟರ್ನೆಟ್ ಮನೆಯವರೆಗೆ ಮಾತ್ರ ಬಂದಿದೆ. ಹೋಂಸ್ಟೇಗೆಂದು ಕೊಟ್ಟಿರುವ ಎರಡು ಕೋಣೆಗಳ ಅತಿಥಿಗಳೂ ಅದೇ ವೈಫೈ ಬಳಸುತ್ತಾರೆ. ಎರಡು ಕಂಪ್ಯೂಟರುಗಳಿಗೂ ಇಂಟರ್ನೆಟ್ ಮತ್ತು ಪ್ರಿಂಟರ್ ಸಿಗಬೇಕು. ಲ್ಯಾಪ್‌ಟಾಪಿನಿಂದಲೇ ಸಂಪರ್ಕ ಹಂಚಿ, ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಲ್ಯಾನ್ ಕೇಬಲ್ ಎಳೆದರೆ ಸಾಕೆಂದು ಒಬ್ಬ ತಂತ್ರಜ್ಞರು ಹೇಳಿದ್ದಾರೆ. ಇದು ಸರಿಯೇ?

ಉತ್ತರ: ಆ ಸಲಹೆಯಂತೆ ಮಾಡಿದರೆ ಮೊದಲ ದಿನ ಎಲ್ಲವೂ ಕೆಲಸ ಮಾಡುತ್ತದೆ. ಆದರೂ ಅದರ ಎರಡು ಭಾಗಗಳನ್ನೂ ನಾನು ಒಪ್ಪುವುದಿಲ್ಲ. ಒಂದು ಕಂಪ್ಯೂಟರನ್ನು ಇನ್ನೊಂದರ ಆಸರೆಗೆ ಬಿಡಬಾರದು. ಇಂಟರ್ನೆಟ್ ಆಗಲಿ ಪ್ರಿಂಟರ್ ಆಗಲಿ ಮನೆಯ ಉಪಕರಣಗಳಿಗೆ ಸಂಪರ್ಕ ಹಂಚುವ ಫೈಬರ್ ಪೆಟ್ಟಿಗೆಯ, ಅಂದರೆ ರೂಟರಿನ ಆಸರೆಯಲ್ಲಿರಬೇಕು. ಎರಡನೆಯದಾಗಿ, ನಮ್ಮ ಕೊಡಗು ಜಿಲ್ಲೆಯಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿಯನ್ನು ಬಯಲಿನಲ್ಲಿ ಎಳೆಯಲೇಬಾರದು. ಈ ಎರಡನ್ನೂ ವಿವರಿಸಿ, ಬಳಿಕ ಪ್ರಿಂಟರಿನ ವಿಷಯಕ್ಕೆ ಬರುತ್ತೇನೆ. ನಿಮಗೆ ನಿಜವಾಗಿ ತೊಡಕಾಗುವುದು ಅಲ್ಲಿಯೇ.

ಒಂದು ಕಂಪ್ಯೂಟರಿನ ಸಂಪರ್ಕವನ್ನು ಇನ್ನೊಂದಕ್ಕೆ ಹಂಚುವ ಸೌಲಭ್ಯವು ವಿಂಡೋಸಿಗೆ ಬಂದದ್ದು 1999ರಲ್ಲಿ, ವಿಂಡೋಸ್ 98ರ ಎರಡನೆಯ ಆವೃತ್ತಿಯೊಂದಿಗೆ. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ ಕರೆ ಮಾಡಿದರೆ ಮಾತ್ರ ಇಂಟರ್ನೆಟ್ ಸಿಗುತ್ತಿದ್ದ, ಮನೆಗಳಲ್ಲಿ ರೂಟರ್ ಎಂಬುದೇ ಇಲ್ಲದಿದ್ದ ಕಾಲಕ್ಕೆ ಅದು ಬಹಳ ಉಪಯುಕ್ತವಾಗಿತ್ತು. ಆ ಸೌಲಭ್ಯ ಈಗಲೂ ಇದೆ. ಅದನ್ನು ಚಾಲೂ ಮಾಡಿದರೆ ನಿಮ್ಮ ಲ್ಯಾಪ್‌ಟಾಪ್ 192.168.137.1 ಎಂಬ ವಿಳಾಸ (ಜಾಲದಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆ) ತೆಗೆದುಕೊಂಡು, ಗೋದಾಮಿನ ಡೆಸ್ಕ್‌ಟಾಪಿಗೆ ಅದೇ ಸಾಲಿನ ಇನ್ನೊಂದು ವಿಳಾಸ ಕೊಟ್ಟು, ಅದರ ಬೇಡಿಕೆಗಳನ್ನೆಲ್ಲ ತನ್ನ ಹೆಸರಿನಲ್ಲಿ ಹೊರಗೆ ಕಳುಹಿಸುತ್ತದೆ. ಅಂದರೆ ಲ್ಯಾಪ್‌ಟಾಪೇ ಒಂದು ರೂಟರ್ ಆಗುತ್ತದೆ. ಅದನ್ನು ಮುಚ್ಚಿಟ್ಟಾಗ, ಅದು ತಾನಾಗಿ ನಿದ್ರಾಸ್ಥಿತಿಗೆ ಹೋದಾಗ ಅಥವಾ ಯಾರಾದರೂ ಅದನ್ನು ಮಡಿಕೇರಿಗೆ ಒಯ್ದಾಗ ಗೋದಾಮಿನಲ್ಲಿ ಇಂಟರ್ನೆಟ್ ಇರುವುದಿಲ್ಲ. ವಿಂಡೋಸ್ ದೊಡ್ಡದೊಂದು ಅಪ್‌ಡೇಟ್ ಪಡೆದಾಗ ಈ ಹಂಚಿಕೆಯ ಹೊಂದಾಣಿಕೆ ಕಳಚಿಹೋಗುವುದನ್ನೂ ನಾನು ಹಲವು ಬಾರಿ ಕಂಡಿದ್ದೇನೆ.

ಈ ಕೆಲಸವನ್ನೆಲ್ಲ ನಿಮ್ಮ ಮನೆಯ ಫೈಬರ್ ಪೆಟ್ಟಿಗೆ ಈಗಾಗಲೇ ಮಾಡುತ್ತಿದೆ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಹಳೆಯ ಇಂಟರ್ನೆಟ್ ವಿಳಾಸ ಪದ್ಧತಿಯಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಎಲ್ಲ ಉಪಕರಣಗಳಿಗೂ ಅವು ಸಾಲುವುದಿಲ್ಲ. ಆದ್ದರಿಂದ ಮನೆ ಮತ್ತು ಕಚೇರಿಗಳ ಒಳಬಳಕೆಗೆಂದು ಕೆಲವು ವಿಳಾಸಗಳನ್ನು 1990ರ ದಶಕದಲ್ಲಿ ಮೀಸಲಿಡಲಾಯಿತು. 192.168 ಎಂದು ಆರಂಭವಾಗುವವು ಅಂಥವು. ನಿಮ್ಮ ರೂಟರ್ ತಾನು, ಉದಾಹರಣೆಗೆ, 192.168.1.1 ಆಗಿ ನಿಂತು, ಒಳಗಿನ ಪ್ರತಿ ಉಪಕರಣಕ್ಕೂ ಅದೇ ಸಾಲಿನ ಒಂದೊಂದು ವಿಳಾಸ ಹಂಚುತ್ತದೆ. ಎರಡು ಕಂಪ್ಯೂಟರುಗಳೂ ನೇರವಾಗಿ ಇದಕ್ಕೆ ಸೇರಿದರೆ ಒಂದನ್ನು ಬಂದ್ ಮಾಡಿದಾಗ ಇನ್ನೊಂದಕ್ಕೆ ಏನೂ ತಿಳಿಯುವುದಿಲ್ಲ, ಪರಸ್ಪರ ಮಾತನಾಡಲು ಒಂದೇ ಸಾಲಿನ ವಿಳಾಸಗಳೂ ಸಿಕ್ಕಿರುತ್ತವೆ.

ಹಾಗಾದರೆ ಉಳಿಯುವುದು ಆ 60 ಮೀಟರ್. ಲ್ಯಾನ್ ಕೇಬಲಿನ ನಿಯಮದಂತೆ 100 ಮೀಟರಿನವರೆಗೆ ಸಂಕೇತ ಸರಿಯಾಗಿ ತಲುಪುತ್ತದೆ. ದೂರದ ದೃಷ್ಟಿಯಿಂದ ತಂತ್ರಜ್ಞರ ಮಾತಿನಲ್ಲಿ ತಪ್ಪಿಲ್ಲ. ತಪ್ಪಿರುವುದು ಸಿಡಿಲಿನ ಲೆಕ್ಕದಲ್ಲಿ. ನಮ್ಮಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಗುಡುಗು ಸಿಡಿಲುಗಳೊಂದಿಗೇ ಬರುತ್ತದೆ. ಸಮೀಪದಲ್ಲಿ ಎಲ್ಲೋ ಸಿಡಿಲು ಬಡಿದಾಗ ಅದರ ವಿದ್ಯುತ್ತು ನೆಲದೊಳಗೆ ಹರಡುತ್ತದೆ. ಆ ಕ್ಷಣದಲ್ಲಿ ಮನೆಯ ಅರ್ಥಿಂಗಿಗೂ ಗೋದಾಮಿನ ಅರ್ಥಿಂಗಿಗೂ ನಡುವೆ ಸಾವಿರಾರು ವೋಲ್ಟುಗಳ ವ್ಯತ್ಯಾಸ ಉಂಟಾಗಬಹುದು. ಎರಡು ಕಡೆಗಳನ್ನೂ ಕೂಡಿಸುವ ತಾಮ್ರದ ತಂತಿ ಇದ್ದರೆ ಆ ವ್ಯತ್ಯಾಸ ಸಮನಾಗಲು ಅದೇ ದಾರಿಯಾಗುತ್ತದೆ. ಇದಲ್ಲದೆ ಮರದಿಂದ ಮರಕ್ಕೆ ತೂಗುವ ಉದ್ದನೆಯ ತಂತಿಯು ಸಿಡಿಲಿನ ಕಾಂತಪ್ರಭಾವವನ್ನು ಹಿಡಿದುಕೊಳ್ಳುವ ಏರಿಯಲ್ ಕೂಡ ಹೌದು. ಲ್ಯಾನ್ ಪೋರ್ಟುಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು ತಡೆಯಬೇಕೆಂದು ಮಾನದಂಡ ಹೇಳುವುದು 1500 ವೋಲ್ಟುಗಳನ್ನು ಮಾತ್ರ. ಹತ್ತಿರದ ಸಿಡಿಲಿಗೆ ಅದು ಯಾವ ಲೆಕ್ಕಕ್ಕೂ ಅಲ್ಲ.

ಇದನ್ನು ನಾನು ಓದಿ ತಿಳಿದದ್ದಲ್ಲ. ನಮ್ಮ ಸ್ವಂತ ಮನೆಯಿಂದ ಹಿಂಬದಿಯ ಕೋಣೆಗೆ ಒಮ್ಮೆ ನಾನೇ ತಾಮ್ರದ ಕೇಬಲ್ ಎಳೆದಿದ್ದೆ. ಏಪ್ರಿಲಿನ ಒಂದು ಸಂಜೆ ತೋಟದ ಬದಿಯ ಮರಕ್ಕೆ ಸಿಡಿಲು ಬಡಿದಾಗ ರೂಟರ್, ಹಿಂಬದಿಯ ನೆಟ್‌ವರ್ಕ್ ಸ್ವಿಚ್ ಮತ್ತು ಕಂಪ್ಯೂಟರಿನ ಮದರ್‌ಬೋರ್ಡಿನ ಲ್ಯಾನ್ ಭಾಗ ಮೂರೂ ಒಂದೇ ಕ್ಷಣದಲ್ಲಿ ಸುಟ್ಟುಹೋದವು. ವಿದ್ಯುತ್ ಪ್ಲಗ್ಗುಗಳನ್ನು ನಾನು ಕಿತ್ತಿಟ್ಟಿದ್ದೆ. ಕೀಳಲು ಮರೆತದ್ದು ಲ್ಯಾನ್ ಕೇಬಲನ್ನು. ಅದಾದ ಬಳಿಕ ಎರಡು ಕಟ್ಟಡಗಳ ನಡುವೆ ತಾಮ್ರ ಹಾಕಲು ನಾನು ಯಾರಿಗೂ ಹೇಳಿಲ್ಲ.

ಆ ಜಾಗಕ್ಕೆ ತಕ್ಕದ್ದು ಫೈಬರ್ ಕೇಬಲ್. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತು ಹರಿಯುವುದಿಲ್ಲ. ಎರಡು ತುದಿಗಳಲ್ಲಿ ಮೀಡಿಯಾ ಕನ್ವರ್ಟರ್ ಎಂಬ ಒಂದೊಂದು ಪುಟ್ಟ ಪೆಟ್ಟಿಗೆ ಇಟ್ಟರೆ ಲ್ಯಾನಿನ ಸಂಕೇತ ಬೆಳಕಾಗಿ ಹೋಗಿ ಆ ತುದಿಯಲ್ಲಿ ಮತ್ತೆ ಲ್ಯಾನ್ ಸಂಕೇತವಾಗುತ್ತದೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಜೋಡಿಯನ್ನು ಕೊಳ್ಳುವಾಗ ಒಂದು ಎ ಮಾದರಿಯದೂ ಇನ್ನೊಂದು ಬಿ ಮಾದರಿಯದೂ ಆಗಿರಬೇಕು, ಏಕೆಂದರೆ ಒಂದು 1310 ನ್ಯಾನೋಮೀಟರಿನ ಬೆಳಕನ್ನು ಕಳುಹಿಸಿ 1550ರದನ್ನು ಸ್ವೀಕರಿಸಿದರೆ ಇನ್ನೊಂದು ಇದಕ್ಕೆ ತದ್ವಿರುದ್ಧವಾಗಿರಬೇಕು. ಎರಡೂ ಒಂದೇ ಮಾದರಿಯಾದರೆ ಪವರ್ ದೀಪ ಉರಿಯುತ್ತದೆ, ಸಂಪರ್ಕ ಮಾತ್ರ ಬರುವುದಿಲ್ಲ. ತುದಿಗಳನ್ನು ಜೋಡಿಸಲು ಸ್ಪ್ಲೈಸಿಂಗ್ ಯಂತ್ರ ಬೇಕು. ನಿಮಗೆ ಇಂಟರ್ನೆಟ್ ಹಾಕಿಕೊಟ್ಟ ಕೇಬಲ್ ಕೆಲಸಗಾರರ ಬಳಿ ಅದು ಇರುತ್ತದೆ, ಅರ್ಧ ಗಂಟೆಯ ಕೆಲಸ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕಂಬದಿಂದ ಮನೆಗೆ ಎಳೆಯುವ ಸಾಮಾನ್ಯ ಫೈಬರ್ ಕೇಬಲಿನಲ್ಲಿ ಭಾರ ತಡೆಯಲೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ. ಆ ಉಕ್ಕು ವಿದ್ಯುತ್ತನ್ನು ಒಯ್ಯುತ್ತದೆ. ಆದ್ದರಿಂದ ಲೋಹವಿಲ್ಲದ ಕೇಬಲನ್ನೇ ಕೇಳಿ ತೆಗೆದುಕೊಳ್ಳಿ. ಸಿಗದಿದ್ದರೆ ಉಕ್ಕಿನ ತಂತಿಯನ್ನು ಕಟ್ಟಡದ ಹೊರಗೇ ಬೇರ್ಪಡಿಸಿ, ಕತ್ತರಿಸಿ, ಕನ್ವರ್ಟರಿನ ಸಮೀಪಕ್ಕೆ ಬಾರದಂತೆ ನೋಡಿಕೊಳ್ಳಿ. ಕೇಬಲನ್ನು ಮರಗಳಿಗೆ ಕಟ್ಟುವುದೂ ಬೇಡ. ಮಳೆಗಾಲದ ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಬೀಳುವುದು ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವವರ ಕತ್ತಿಯೂ ಇದೆ. ಕಣದ ಅಂಚಿನಲ್ಲಿ ಒಂದೂವರೆ ಅಡಿ ಆಳಕ್ಕೆ ಕಪ್ಪು ಪಾಲಿಥೀನ್ ಪೈಪ್ ಹೂತು ಅದರೊಳಗೆ ಕೇಬಲ್ ಬಿಡಿ. ಪೈಪಿನ ಎರಡು ಬಾಯಿಗಳನ್ನೂ ಮುಚ್ಚದೆ ಬಿಟ್ಟರೆ ಇಲಿ, ಹೆಗ್ಗಣಗಳು ಒಳಹೊಕ್ಕು ಕಡಿಯುತ್ತವೆ. ಮೂಲೆಗಳಲ್ಲಿ ಪೈಪನ್ನು ನಿಧಾನವಾಗಿ ತಿರುಗಿಸಿ. ಗಾಜಿನ ಎಳೆ ಚೂಪಾದ ತಿರುವನ್ನು ತಾಳುವುದಿಲ್ಲ.

ತಂತಿಯೇ ಬೇಡ, ವೈಫೈಯಿಂದ ಆಗದೇ ಎಂದು ನೀವು ಕೇಳಬಹುದು. ಕಣ ಬಯಲಾಗಿದ್ದು ಮನೆಯಿಂದ ಗೋದಾಮು ನೇರವಾಗಿ ಕಾಣುತ್ತಿದ್ದರೆ, ಎರಡೂ ಗೋಡೆಗಳ ಹೊರಗೆ ಒಂದಕ್ಕೊಂದು ಎದುರಾಗಿ ನಿಲ್ಲಿಸುವ 5 ಗಿಗಾಹರ್ಟ್ಸ್ ರೇಡಿಯೊ ಜೋಡಿ 60 ಮೀಟರನ್ನು ಸುಲಭವಾಗಿ ದಾಟುತ್ತದೆ. ನಡುವೆ ಮರ, ಮೆಣಸಿನ ಬಳ್ಳಿ ಇದ್ದರೆ ನಾನು ಸಲಹೆ ಮಾಡುವುದಿಲ್ಲ. ಒದ್ದೆ ಎಲೆಗಳು ಆ ತರಂಗಗಳನ್ನು ಹೀರಿಕೊಳ್ಳುತ್ತವೆ, ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಕಕ್ಕಡ ತಿಂಗಳ ಮಳೆಯಲ್ಲಿ ಕೈಕೊಡುತ್ತದೆ. ಮನೆಯೊಳಗಿನ ರೂಟರಿನ ವೈಫೈಯನ್ನೇ ನೆಚ್ಚಿಕೊಳ್ಳುವುದಂತೂ ಹಳೆಯ ಮನೆಗಳ ದಪ್ಪ ಮಣ್ಣು, ಕಲ್ಲಿನ ಗೋಡೆಗಳೆದುರು ವ್ಯರ್ಥ.

ಗೋದಾಮಿನ ತುದಿಯಲ್ಲಿ ಕನ್ವರ್ಟರಿನಿಂದ ಒಂದು ಮೀಟರ್ ಲ್ಯಾನ್ ಕೇಬಲ್ ಡೆಸ್ಕ್‌ಟಾಪಿಗೆ ಹೋದರೆ ಮುಗಿಯಿತು. ಅಲ್ಲಿಯೂ ವೈಫೈ ಬೇಕೆಂದು ಮನೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನು ಜೋಡಿಸುವುದಾದರೆ ಅದನ್ನು ಆಕ್ಸೆಸ್ ಪಾಯಿಂಟ್ (ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ) ಸ್ಥಿತಿಗೆ ಬದಲಿಸಿ. ಆ ಆಯ್ಕೆ ಇಲ್ಲದಿದ್ದರೆ ಮೊದಲು ಅದರ ಸ್ವಂತ ವಿಳಾಸವನ್ನು ಮನೆಯ ರೂಟರಿನದಕ್ಕಿಂತ ಬೇರೆಯಾಗಿಸಿ, ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿ, ಬರುವ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಒಳಬರುವ ಪೋರ್ಟ್) ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನ್ ಪೋರ್ಟಿಗೆ ಹಾಕಿದರೂ ಇಂಟರ್ನೆಟ್ ಬರುತ್ತದೆ, ಹಾಗಾಗಿ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗೋದಾಮು ಬೇರೆಯೇ ಒಂದು ಜಾಲವಾಗಿ, ಮನೆಯ ಲ್ಯಾಪ್‌ಟಾಪಿಗೆ ಅಲ್ಲಿನ ಪ್ರಿಂಟರ್ ಕಾಣುವುದಿಲ್ಲ. ಎರಡು ಕಂಪ್ಯೂಟರಿಗೂ ಇಂಟರ್ನೆಟ್ ಇದೆ, ಒಂದಕ್ಕೊಂದು ಮಾತ್ರ ಕಾಣುತ್ತಿಲ್ಲ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ತೊಂದರೆ ಇದೇ.

ಈಗ ಪ್ರಿಂಟರ್. ಅದು ಡೆಸ್ಕ್‌ಟಾಪಿಗೆ ಯುಎಸ್‌ಬಿಯಿಂದ ಜೋಡಿಸಿರುವಷ್ಟು ಕಾಲ ಲ್ಯಾಪ್‌ಟಾಪಿನಿಂದ ಮುದ್ರಿಸಲು ಡೆಸ್ಕ್‌ಟಾಪ್ ಚಾಲೂ ಇರಲೇಬೇಕು. ಇದು ನಾನು ಬೇಡವೆಂದ ಆಸರೆಯೇ, ಆದರೂ ಸದ್ಯಕ್ಕೆ ಹಣ ಖರ್ಚಿಲ್ಲದೆ ಆಗುವುದು ಇದೊಂದೇ. ಡೆಸ್ಕ್‌ಟಾಪಿನ ಕಂಟ್ರೋಲ್ ಪ್ಯಾನಲಿನಲ್ಲಿ ಪ್ರಿಂಟರಿನ ಗುಣಲಕ್ಷಣಗಳನ್ನು ತೆರೆದು, ಶೇರಿಂಗ್ ಪುಟದಲ್ಲಿ ಅದಕ್ಕೆ ಜಾಗ ಬಿಡದ ಚಿಕ್ಕ ಹೆಸರು ಕೊಡಿ. ಜಾಲದ ಬಗೆಯನ್ನು ವಿಂಡೋಸ್ 7ರಲ್ಲಿ ಹೋಮ್ ಅಥವಾ ವರ್ಕ್ ಎಂದೂ, ವಿಂಡೋಸ್ 11ರಲ್ಲಿ ಪ್ರೈವೇಟ್ ಎಂದೂ ಆರಿಸಿ. ಪಬ್ಲಿಕ್ ಎಂದಿದ್ದರೆ ಫೈರ್‌ವಾಲ್ ಎಂಬ ವಿಂಡೋಸಿನ ಕಾವಲು ಹಂಚಿಕೆಯನ್ನು ತಡೆಯುತ್ತದೆ. ಹಳೆಯ ಪುಸ್ತಕ, ವಿಡಿಯೊಗಳಲ್ಲಿ ಹೇಳುವ ಹೋಮ್‌ಗ್ರೂಪನ್ನು ಹುಡುಕಬೇಡಿ. ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಲಾಗಿದೆ.

ಲ್ಯಾಪ್‌ಟಾಪಿನ ಕಡೆಯಿಂದ ಜೋಡಿಸುವಾಗ ಎರಡು ಅಡ್ಡಿಗಳು ಬರಬಹುದು. ನಿಮ್ಮ ವಿಂಡೋಸ್ 7 ಬಹುಶಃ 32 ಬಿಟ್‌ನದು, ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಡೆಸ್ಕ್‌ಟಾಪಿನಲ್ಲಿರುವ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ. ತಯಾರಕರ ಜಾಲತಾಣದಿಂದ ವಿಂಡೋಸ್ 11ರ ಡ್ರೈವರನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿ, ಬಳಿಕ ಹೊಸ ಲೋಕಲ್ ಪೋರ್ಟ್ ಒಂದನ್ನು ಸೃಷ್ಟಿಸಿ, ಅದರ ಹೆಸರಿನ ಜಾಗದಲ್ಲಿ ಎರಡು ಹಿಂದೋರೆ ಗೆರೆ (\\), ಡೆಸ್ಕ್‌ಟಾಪಿನ ಹೆಸರು, ಮತ್ತೊಂದು ಹಿಂದೋರೆ ಗೆರೆ, ಪ್ರಿಂಟರಿಗೆ ಕೊಟ್ಟ ಹೆಸರು ಈ ಕ್ರಮದಲ್ಲಿ ಬರೆಯಿರಿ. ಎರಡನೆಯ ಅಡ್ಡಿ ಗುಪ್ತಪದದ್ದು. ಲ್ಯಾಪ್‌ಟಾಪ್ ಕೇಳುವುದು ಡೆಸ್ಕ್‌ಟಾಪಿನಲ್ಲಿರುವ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು. ನಿಮ್ಮ ಲ್ಯಾಪ್‌ಟಾಪಿನ ನಾಲ್ಕಂಕಿಯ ಪಿನ್ ಅಲ್ಲಿ ನಡೆಯುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಮುದ್ರಣಕ್ಕೆಂದೇ ಸಾಮಾನ್ಯ ಅಧಿಕಾರದ ಒಂದು ಖಾತೆ ತೆರೆದು, ಅದಕ್ಕೊಂದು ಗುಪ್ತಪದ ಇಟ್ಟು, ಅದನ್ನೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ನಮೂದಿಸಿ ನೆನಪಿಟ್ಟುಕೊಳ್ಳುವಂತೆ ಹೇಳಿದರೆ ಸಾಕು.

ಪ್ರಿಂಟರನ್ನು ಮನೆಗೆ ತಂದು ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿಂದ ವಿಂಡೋಸ್ 7ಕ್ಕೆ ಹಂಚಲು ಹೋದರೆ ತೊಂದರೆ ಇನ್ನೂ ಹೆಚ್ಚು. 2021ರಲ್ಲಿ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ಗಂಭೀರ ಭದ್ರತಾ ಲೋಪಗಳು ಬೆಳಕಿಗೆ ಬಂದು, ಆ ವರ್ಷದ ಅಪ್‌ಡೇಟುಗಳು ನಿಯಮಗಳನ್ನು ಬಿಗಿಗೊಳಿಸಿದವು. ಆ ತಿದ್ದುಪಡಿ ಪಡೆಯದ ಹಳೆಯ ಕಂಪ್ಯೂಟರಿಗೆ 0x0000011b ಎಂಬ ದೋಷಸಂಖ್ಯೆ ಕಾಣಿಸಿಕೊಳ್ಳುತ್ತದೆ. ವಿಂಡೋಸಿನ ಒಳಹೊಂದಾಣಿಕೆಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸಿ ಆ ಬಿಗಿಯನ್ನು ಸಡಿಲಿಸುವ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ನಿಮ್ಮ ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪಿನ ರಕ್ಷಣೆಯನ್ನು ಒಂದು ಪ್ರಿಂಟರಿಗಾಗಿ ಕಳಚುವುದು ಸರಿಯಲ್ಲ.

ಆದ್ದರಿಂದ ಶಾಶ್ವತ ಪರಿಹಾರವೆಂದರೆ, ಈಗಿನ ಪ್ರಿಂಟರ್ ಬದಲಿಸುವ ಕಾಲ ಬಂದಾಗ ಲ್ಯಾನ್ ಪೋರ್ಟ್ ಇರುವುದನ್ನೇ ಕೊಳ್ಳುವುದು. ವೈಫೈ ಮಾತ್ರ ಇರುವ ಪ್ರಿಂಟರೂ ಆದೀತು, ಆದರೆ ಅವುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸನ್ನು ಮಾತ್ರ ಹಿಡಿಯುತ್ತವೆ ಎಂಬುದು ನೆನಪಿರಲಿ. ಅದನ್ನು ಜೋಡಿಸಿದ ದಿನವೇ ರೂಟರಿನಲ್ಲಿ ಅದಕ್ಕೊಂದು ವಿಳಾಸವನ್ನು, 192.168.1.50 ಎನ್ನೋಣ, ಕಾಯ್ದಿರಿಸಿ. ಎರಡೂ ಕಂಪ್ಯೂಟರುಗಳಲ್ಲಿ ಆ ವಿಳಾಸವನ್ನೇ ಕೊಟ್ಟು ಟಿಸಿಪಿ/ಐಪಿ ಪೋರ್ಟ್ ಮೂಲಕ ಪ್ರಿಂಟರನ್ನು ಸೇರಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ರೂಟರ್ ಹೊಸದಾಗಿ ವಿಳಾಸ ಹಂಚುತ್ತದೆ, ಪ್ರಿಂಟರಿಗೆ ಬೇರೆ ವಿಳಾಸ ಸಿಕ್ಕಿದರೆ ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಅದನ್ನು ಹುಡುಕಿ ಆಫ್‌ಲೈನ್ ಎಂದು ತೋರಿಸುತ್ತದೆ. ಪ್ರಿಂಟರ್ ಕೆಟ್ಟಿದೆಯೆಂದು ಗೋಣಿಕೊಪ್ಪದ ಅಂಗಡಿಯವರೆಗೆ ಹೊತ್ತೊಯ್ದವರನ್ನು ನಾನು ಕಂಡಿದ್ದೇನೆ. ಕೆಟ್ಟಿದ್ದುದು ವಿಳಾಸ ಮಾತ್ರ.

ರೂಟರಿನ ಯುಎಸ್‌ಬಿ ಪೋರ್ಟಿಗೆ ಈಗಿನ ಪ್ರಿಂಟರನ್ನೇ ಚುಚ್ಚಬಹುದಲ್ಲವೇ ಎಂದರೆ, ಅನೇಕ ಫೈಬರ್ ಪೆಟ್ಟಿಗೆಗಳ ಆ ಪೋರ್ಟ್ ಪೆನ್‌ಡ್ರೈವಿಗೆ ಮಾತ್ರ. ಪ್ರಿಂಟ್ ಸರ್ವರ್ ಎಂಬ ಆಯ್ಕೆ ಅದರ ಮೆನುವಿನಲ್ಲಿ ಇದ್ದರೆ ಪ್ರಯತ್ನಿಸಿ. ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲಿ ಕಪ್ಸ್ ಎಂಬ ಮುದ್ರಣ ತಂತ್ರಾಂಶ ಹಾಕಿ ಪ್ರಿಂಟರಿನ ಪಕ್ಕ ಇಡುವುದೂ ಒಳ್ಳೆಯ ದಾರಿಯೇ. ಆದರೆ ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಕೆಲವಕ್ಕೆ ಆ ಬಗೆಯ ಪ್ರೊಸೆಸರಿಗೆ ಹೊಂದುವ ಡ್ರೈವರನ್ನು ತಯಾರಕರು ಕೊಟ್ಟಿರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾದರಿಯನ್ನು ಪರಿಶೀಲಿಸಿ.

ಸ್ಕ್ಯಾನರಿನ ವಿಷಯ ಚಿಕ್ಕದು. ವಿಂಡೋಸ್ ಪ್ರಿಂಟರನ್ನು ಹಂಚಿದಾಗ ಮುದ್ರಣ ಮಾತ್ರ ಹಂಚಿಕೆಯಾಗುತ್ತದೆ, ಸ್ಕ್ಯಾನರ್ ಆಗುವುದಿಲ್ಲ. ಸ್ಕ್ಯಾನ್ ಮಾಡಲು ಹೇಗಿದ್ದರೂ ಕಾಗದ ಹಿಡಿದು ಗೋದಾಮಿಗೆ ಹೋಗಲೇಬೇಕಾದ್ದರಿಂದ, ಅಲ್ಲಿಯೇ ಸ್ಕ್ಯಾನ್ ಮಾಡಿ ಹಂಚಿಕೊಂಡ ಫೋಲ್ಡರಿನಲ್ಲಿ ಉಳಿಸಿ, ಮನೆಯಲ್ಲಿ ತೆರೆಯಿರಿ. ಆ ಫೋಲ್ಡರಿನ ಅನುಮತಿಯನ್ನು ಎಲ್ಲರಿಗೂ ಕೊಡದೆ, ಮೇಲೆ ಹೇಳಿದ ಖಾತೆಗೆ ಮಾತ್ರ ಕೊಡಿ. ಲೆಕ್ಕದ ಕೋಣೆಯ ಹಳೆಯ ಕಡತಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ್ದರೆ, ಕಡತವನ್ನು ಯಾವ ಕಂಪ್ಯೂಟರಿನಲ್ಲಿ ತೆರೆಯುತ್ತೀರೋ ಅದರಲ್ಲಿ ಆ ಅಕ್ಷರಶೈಲಿ ಇರಬೇಕು. ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಮುದ್ರಣವಾಗುತ್ತವೆ. ಪ್ರಿಂಟರಿಗೂ ಜಾಲಕ್ಕೂ ಅದರಲ್ಲಿ ದೋಷವಿಲ್ಲ.

ಅತಿಥಿಗಳ ವೈಫೈ ಬಗ್ಗೆ ನೀವು ಪ್ರಶ್ನೆಯಲ್ಲಿ ಹೆಚ್ಚೇನೂ ಕೇಳಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳವಾದದ್ದು ಅದೇ. ಇಂದು ನಿಮ್ಮ ಜಾಲದಲ್ಲಿ ಹಂಚಿಕೆ ಏನೂ ಇಲ್ಲ. ನಾಳೆ ಫೋಲ್ಡರ್, ಪ್ರಿಂಟರ್ ಎರಡೂ ಇರುತ್ತವೆ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ಕ್ಕೆ ನಿಂತಿವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಫೋಲ್ಡರ್ ಹಂಚುವ ಹಳೆಯ ವ್ಯವಸ್ಥೆಯ ಲೋಪದ ಮೂಲಕವೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿತ್ತು, ಅದರಲ್ಲಿ ಹೆಚ್ಚು ಸಿಕ್ಕಿಬಿದ್ದದ್ದು ವಿಂಡೋಸ್ 7. ಅತಿಥಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ಅವರಿಗೇ ಅರಿವಿಲ್ಲದೆ ಅಂಥದ್ದೇನಾದರೂ ಇದ್ದರೆ ನಿಮ್ಮ ಲೆಕ್ಕದ ಕೋಣೆ ಅದಕ್ಕೆ ತೆರೆದ ಬಾಗಿಲಾಗುತ್ತದೆ. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇರುತ್ತದೆ. ಅತಿಥಿಗಳಿಗೆ ಬೇರೆ ಹೆಸರು, ಬೇರೆ ಗುಪ್ತಪದದ ವೈಫೈ ಕೊಡಿ. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರುಗಳು ಕಾಣುವುದಿಲ್ಲ. ಇಷ್ಟು ದಿನ ಕೊಟ್ಟಿರುವ ಮನೆಯ ಗುಪ್ತಪದವನ್ನು ಅದೇ ದಿನ ಬದಲಿಸಿ. ಡೆಸ್ಕ್‌ಟಾಪಿಗೆ ವಿಂಡೋಸ್ 11 ಹಾಕಲು ಅದರ ಯಂತ್ರಾಂಶ ಹಳತಾಗಿರುವುದರಿಂದ ಆಗಲಾರದು. ಉಬುಂಟುವಿನಂಥ ಲಿನಕ್ಸ್ ಹಾಕಿದರೆ ತಿದ್ದುಪಡಿಗಳೂ ಸಿಗುತ್ತವೆ, ಪ್ರಿಂಟರಿಗೆ ಡ್ರೈವರ್ ಇದ್ದರೆ ಹಂಚಿಕೆಯೂ ಸುಲಭವಾಗುತ್ತದೆ. ನಿಮ್ಮ ಲೆಕ್ಕದ ತಂತ್ರಾಂಶ ವಿಂಡೋಸನ್ನೇ ಬೇಡುವುದಾದರೆ ಬ್ಯಾಂಕಿನ ಕೆಲಸವನ್ನಾದರೂ ಲ್ಯಾಪ್‌ಟಾಪಿಗೆ ವರ್ಗಾಯಿಸಿ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ರೂಟರ್ ಮತ್ತು ಎರಡು ಕನ್ವರ್ಟರುಗಳಿಗೆ ಪುಟ್ಟ ಯುಪಿಎಸ್ ಸಾಕು, ಆದರೆ ರೂಟರ್ ಸಾಮಾನ್ಯವಾಗಿ 12 ವೋಲ್ಟಿನದು, ಕನ್ವರ್ಟರ್ ಹೆಚ್ಚಾಗಿ 5 ವೋಲ್ಟಿನದು. ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಅದರ ಹೀಟರ್ ಒಮ್ಮೆಗೇ ಬಹಳ ವಿದ್ಯುತ್ತು ಎಳೆಯುತ್ತದೆ. ಫೈಬರ್ ಹಾಕಿದ್ದರೂ ಗುಡುಗು ಶುರುವಾದಾಗ ಪ್ಲಗ್ಗುಗಳನ್ನು ಕೀಳುವ ಅಭ್ಯಾಸ ಬಿಡಬೇಡಿ, ಏಕೆಂದರೆ ವಿದ್ಯುತ್ ತಂತಿಯ ದಾರಿ ತೆರೆದೇ ಇರುತ್ತದೆ. ಮಳೆಗಾಲದಲ್ಲಿ ಕಾಗದದ ಕಟ್ಟನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತೇವ ಹೀರಿದ ಹಾಳೆ ಪ್ರಿಂಟರಿನೊಳಗೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ.

ಪೈಪ್ ಹೂಳುವ ಕೆಲಸವನ್ನು ಕಾಫಿ ಒಣಗಿ ಕಣ ಖಾಲಿಯಾದ ಮೇಲೆ, ಹೂಮಳೆಗೆ ಮೊದಲೇ ಮುಗಿಸಿಕೊಳ್ಳಿ. ಎಲ್ಲ ಜೋಡಿಸಿದ ಬಳಿಕ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಗೋದಾಮಿನಲ್ಲಿ ಒಂದು ಜಾಲತಾಣ ತೆರೆದು, ಒಂದು ಹಾಳೆ ಮುದ್ರಿಸಿ ನೋಡಿ. ಆಮೇಲೆ ರೂಟರಿನ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಹಾಕಿ, ಲ್ಯಾಪ್‌ಟಾಪಿನಿಂದ ಇನ್ನೊಂದು ಹಾಳೆ ಕಳುಹಿಸಿ. ಎರಡನೆಯ ಹಾಳೆ ಬಾರದಿದ್ದರೆ ಮೊದಲು ನೋಡಬೇಕಾದದ್ದು ಡೆಸ್ಕ್‌ಟಾಪಿನ ವಿಳಾಸವನ್ನು. ಅದು 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ. ಕನ್ವರ್ಟರುಗಳ ಫೈಬರ್ ದೀಪ ಎರಡು ಕಡೆಯೂ ಉರಿಯುತ್ತಿದೆಯೇ ಎಂದು ಅಲ್ಲಿಂದ ಪರೀಕ್ಷೆ ಶುರುಮಾಡಿ.